ಶಿಕ್ಷಣ ಪ್ರಶ್ನೋತ್ತರ: ಶಾಲೆ ಏಕೆ ಬದಲಾಗುತ್ತಲೇ ಇರಬೇಕು?

ಈ ಸಂಚಿಕೆಗಾಗಿ ಕಲಬುರಗಿ, ಯಾದಗಿರಿ ಮತ್ತು ಬೀದರ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಶಾಲೆಗಳಲ್ಲಿ ಮೇಲಿಂದ ಮೇಲೆ ಆಗುತ್ತಿರುವ ಬದಲಾವಣೆಗಳನ್ನು ಕುರಿತಾಗಿಯೇ ಇದ್ದವು. ಅವುಗಳಲ್ಲಿ ನಾಲ್ಕನ್ನು ಆಯ್ದುಕೊಂಡಿದ್ದೇನೆ. ಮೊದಲನೆಯ ಪ್ರಶ್ನೆ ಉಳಿದವಕ್ಕೆಲ್ಲ ಬುನಾದಿಯಂತಿರುವುದರಿಂದ ಅದರ ಉತ್ತರ ಸಹಜವಾಗಿಯೇ ದೀರ್ಘವಾಗಿದೆ.

ಪ್ರಶ್ನೆ: ನಾನು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಶಿಕ್ಷಕ. ನನ್ನ ಸೇವಾವಧಿಯಲ್ಲಿ ಚಟುವಟಿಕೆಗಳ ಮೂಲಕ ಕಲಿಸುವ ನಲಿ-ಕಲಿ ಬಂತು, ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ ಬಂತು, ಕೋವಿಡ್ ಕಾಲದಲ್ಲಿ ಮಕ್ಕಳಿದ್ದಲ್ಲಿಗೇ ಹೋಗಿ ಕಲಿಸುವ ವಿದ್ಯಾಗಮ ಬಂತು, ಆಗ ತಪ್ಪಿದ ಕಲಿಕೆಯನ್ನು ತುಂಬಿಕೊಡುವ ಕಲಿಕಾ ಚೇತರಿಕೆ ಬಂತು. ಒಂದು ಕೈಗೆ ಹತ್ತುವಷ್ಟರಲ್ಲಿ ಇನ್ನೊಂದು ಬಂದಿರುತ್ತದೆ. ಹಳೆಯ ಪದ್ಧತಿಯಲ್ಲಿ ಕಲಿತವರೇ ಡಾಕ್ಟರು, ಎಂಜಿನಿಯರು ಆದರಲ್ಲವೇ? ಶಾಲೆ ಬದಲಾಗುತ್ತಲೇ ಇರಬೇಕು ಎಂದು ಏಕೆ ಹೇಳುತ್ತಾರೆ?
— ಒಬ್ಬ ಶಿಕ್ಷಕರು, ಅಫಜಲಪುರ ತಾಲೂಕು

ಉತ್ತರ: ನಿಮ್ಮ ದಣಿವಿಗೆ ಕಾರಣವಿದೆ. ಒಂದು ಕಾರ್ಯಕ್ರಮದ ತರಬೇತಿ ಮುಗಿಸಿ, ಅದರ ನಮೂನೆಗಳನ್ನು ತುಂಬುವುದನ್ನು ಕಲಿಯುವಷ್ಟರಲ್ಲಿ ಮತ್ತೊಂದು ಸುತ್ತೋಲೆ ಬಂದರೆ, ಎಂಥ ಶ್ರದ್ಧಾವಂತ ಶಿಕ್ಷಕರಿಗೂ ಅದನ್ನು ಮನಸ್ಸಿಟ್ಟು ಮಾಡುವುದು ಕಷ್ಟ. ಆದರೆ ನಿಮ್ಮ ಪ್ರಶ್ನೆಯಲ್ಲಿ ಎರಡು ಸಂಗತಿಗಳು ಬೆರೆತಿವೆ. ಮೇಲಿನಿಂದ ಇಳಿದು ಬರುವ ಯೋಜನೆಗಳ ಸರಣಿ ಒಂದು. ತನ್ನ ಮಕ್ಕಳಿಗೆ ಏನು ಬಂದಿದೆ, ಏನು ಬಂದಿಲ್ಲ ಎಂಬುದನ್ನು ಕಣ್ಣಿಟ್ಟು ನೋಡಿ ಶಾಲೆಯೇ ತನ್ನ ಬೋಧನೆಯ ರೀತಿಯನ್ನು ತಿದ್ದಿಕೊಳ್ಳುತ್ತ ಹೋಗುವುದು ಇನ್ನೊಂದು. ಮೊದಲನೆಯದು ಕಡಿಮೆಯಾಗಬೇಕೆಂಬ ವಿಷಯದಲ್ಲಿ ನಾನು ನಿಮ್ಮ ಪಕ್ಷದಲ್ಲಿಯೇ ಇದ್ದೇನೆ. ಎರಡನೆಯದು ಮಾತ್ರ ನಿಲ್ಲಬಾರದು. ಸುತ್ತೋಲೆಗಳ ಮೇಲಿನ ಬೇಸರದಿಂದ ಅದನ್ನೂ ಕೈಬಿಟ್ಟರೆ ನಷ್ಟವಾಗುವುದು ಇಲಾಖೆಗಲ್ಲ, ನಿಮ್ಮ ಎದುರಿಗೆ ಕುಳಿತಿರುವ ಮಕ್ಕಳಿಗೆ.

ಹಳೆಯ ಪದ್ಧತಿಯಲ್ಲಿ ಕಲಿತವರು ದೊಡ್ಡವರಾದರು ಎಂಬುದು ನಿಜ. ಆದರೆ ಆ ಲೆಕ್ಕದಲ್ಲಿ ಶಾಲೆಯನ್ನು ದಾಟಿ ಹೋದವರು ಮಾತ್ರ ಇದ್ದಾರೆ. ಎರಡನೆಯ, ನಾಲ್ಕನೆಯ ಇಯತ್ತೆಯಲ್ಲಿಯೇ ಪಾಟಿಚೀಲ ಕೆಳಗಿಟ್ಟು ದನ ಕಾಯಲು, ತಂಗಿಯನ್ನು ಎತ್ತಿಕೊಳ್ಳಲು ಹೋದವರು ಇಲ್ಲ. 2011ರ ಜನಗಣತಿಯ ಪ್ರಕಾರ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಬೀದರ ಶೇ 70.51, ಕಲಬುರಗಿ ಶೇ 64.85, ಯಾದಗಿರಿ ಶೇ 51.83ರಷ್ಟಿದ್ದವು. ಯಾದಗಿರಿಯದು ರಾಜ್ಯದಲ್ಲಿಯೇ ಕನಿಷ್ಠ. ಅಂದರೆ ಆ ಜಿಲ್ಲೆಯಲ್ಲಿ ಏಳು ವರ್ಷ ಮೇಲ್ಪಟ್ಟವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ಅಕ್ಷರ ಒಲಿದಿರಲಿಲ್ಲ. ಹಳೆಯ ಪದ್ಧತಿಯನ್ನು ಹೊಗಳುವಾಗ ಅದು ಕೈಬಿಟ್ಟ ಈ ಜನರನ್ನೂ ಅದರ ಖಾತೆಗೇ ಬರೆಯಬೇಕಾಗುತ್ತದೆ.

ನಮ್ಮ ಭಾಗದಲ್ಲಿ ‘ಹಳೆಯ ಶಾಲೆ’ ಎಂಬುದು ಅಷ್ಟೇನೂ ಹಳೆಯದಲ್ಲ ಎಂಬುದನ್ನೂ ನೆನಪಿಸಬಯಸುತ್ತೇನೆ. 1948ರ ಸೆಪ್ಟೆಂಬರ್ 17ರವರೆಗೆ ಈ ಮೂರೂ ಜಿಲ್ಲೆಗಳ ಪ್ರದೇಶ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಆಡಳಿತದ ಭಾಷೆ ಉರ್ದು, ಪ್ರೌಢ ಹಂತದ ಸರ್ಕಾರಿ ಶಿಕ್ಷಣದ ಭಾಷೆಯೂ ಉರ್ದು, 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿಯೇ ಇತ್ತು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳು ಹಳ್ಳಿಹಳ್ಳಿಗೆ ಹರಡಿದವು. ಉರ್ದುವಿನಲ್ಲಿ ಓದಿ ಬಂದ ಎಷ್ಟೋ ಶಿಕ್ಷಕರು ತಾವೇ ಹೊಸದಾಗಿ ಕನ್ನಡದಲ್ಲಿ ಬರೆಯಲು ಕಲಿತು, ಮರುದಿನ ಅದನ್ನೇ ಮಕ್ಕಳಿಗೆ ಕಲಿಸಿದರು. ಬೋಧನೆಯ ಭಾಷೆಯನ್ನೇ ಬದಲಿಸಿಕೊಳ್ಳುವುದಕ್ಕಿಂತ ದೊಡ್ಡ ಬದಲಾವಣೆ ಒಂದು ಶಾಲೆಗೆ ಇನ್ನೇನಿದ್ದೀತು? ಅದನ್ನು ಮಾಡಿದ ಹಿರಿಯರ ಉತ್ತರಾಧಿಕಾರಿಗಳು ನೀವು.

ಈಗಿನ ಸ್ಥಿತಿಗೆ ಬರೋಣ. ನಕಲು ತಡೆಯಲು ಪರೀಕ್ಷಾ ಕೊಠಡಿಗಳಲ್ಲಿ ವೆಬ್‌ಕಾಸ್ಟಿಂಗ್ ಕ್ಯಾಮೆರಾ ಅಳವಡಿಸಿದ 2024ರಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶ ರಾಜ್ಯದಲ್ಲಿ ಹಿಂದಿನ ವರ್ಷದ ಶೇ 83.89ರಿಂದ ಶೇ 73.40ಕ್ಕೆ ಇಳಿಯಿತು, ಯಾದಗಿರಿ ಶೇ 50.59ರೊಂದಿಗೆ ಕೊನೆಯ ಸ್ಥಾನದಲ್ಲಿತ್ತು. 2025ರ ಪರೀಕ್ಷೆ-1ರಲ್ಲಿ ಕೊನೆಯ ಸ್ಥಾನ ಕಲಬುರಗಿಯದಾಯಿತು, ಶೇ 42.43. ಅದೇ ಪರೀಕ್ಷೆಯಲ್ಲಿ ದಕ್ಷಿಣ ಕನ್ನಡ ಶೇ 91.12 ಪಡೆಯಿತು. ನಮ್ಮ ಮಕ್ಕಳ ಬುದ್ಧಿಯಲ್ಲಿ ಕೊರತೆಯಿದೆ ಎಂದು ನಾನು ಎಂದಿಗೂ ಒಪ್ಪಲಾರೆ. ಖಾಲಿ ಉಳಿದ ಹುದ್ದೆಗಳು, ಬಡತನ, ಗುಳೆ ಇವೆಲ್ಲ ಕಾರಣಗಳೇ. ಆದರೆ ಫಲಿತಾಂಶ ಬಂದೊಡನೆ ಪ್ರತಿ ವರ್ಷ ನಾವು ಕೈಗೊಳ್ಳುವ ಕ್ರಮಗಳನ್ನು ನೋಡಿ: ಹತ್ತನೆಯ ತರಗತಿಗೆ ವಿಶೇಷ ತರಗತಿ, ಮುಖ್ಯ ಪ್ರಶ್ನೆಗಳ ಪಾಸಿಂಗ್ ಪ್ಯಾಕೇಜ್, ಸಂಜೆಯ ಗುಂಪು ಅಧ್ಯಯನ. ಮಗುವಿಗೆ ತೊಡಕು ಶುರುವಾದದ್ದು ಮೂರನೆಯ ತರಗತಿಯಲ್ಲಿ, ಚಿಕಿತ್ಸೆ ಹತ್ತನೆಯದರಲ್ಲಿ. ಈ ಕ್ರಮ ಬದಲಾಗದೆ ಫಲಿತಾಂಶ ಬದಲಾಗುವುದಿಲ್ಲ.

ನಮ್ಮ ತೊಗರಿ ಬೆಳೆಗಾರರು ಈ ವಿಷಯದಲ್ಲಿ ನಮಗಿಂತ ಮುಂದಿದ್ದಾರೆ. ನೆಟೆ ರೋಗದಿಂದ ಹೊಲಕ್ಕೆ ಹೊಲವೇ ಒಣಗುತ್ತಿದ್ದ ಕಾಲದಲ್ಲಿ, 1986ರಲ್ಲಿ, ಇಕ್ರಿಸ್ಯಾಟ್ ಕೃಷಿ ಸಂಶೋಧನಾ ಸಂಸ್ಥೆಯ ರೋಗನಿರೋಧಕ ‘ಮಾರುತಿ’ ತಳಿ ಬಂದಾಗ ಅದನ್ನು ಮೊದಲು ಒಂದು ಮೂಲೆಯಲ್ಲಿ ಬಿತ್ತಿ ನೋಡಿದರು, ಇಳುವರಿ ಕಂಡ ಮೇಲೆ ಹೊಲಕ್ಕೆಲ್ಲ ಹಾಕಿದರು. ಅದೂ ಸೋಲತೊಡಗಿದಾಗ ಕಲಬುರಗಿಯ ಕೃಷಿ ಸಂಶೋಧನಾ ಕೇಂದ್ರದ ಟಿಎಸ್-3ಆರ್ ತಳಿಯ ಕಡೆಗೆ ಹೊರಳಿದರು. ನೆಲ ಅದೇ, ಬೆಳೆ ಅದೇ. ಅಜ್ಜನ ಕಾಲದ ಬೀಜವನ್ನು ಬಿಡುವುದು ಅಜ್ಜನಿಗೆ ಮಾಡುವ ಅವಮಾನ ಎಂದು ಅವರಲ್ಲಿ ಯಾರೂ ಭಾವಿಸಲಿಲ್ಲ.

ಶಾಲೆಯಲ್ಲಿ ಇದು ಹೇಗಿರುತ್ತದೆ ಎಂಬುದಕ್ಕೆ ಜೇವರ್ಗಿ ತಾಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಐದನೆಯ ತರಗತಿಯ ನೋಟ್‌ಬುಕ್‌ಗಳಲ್ಲಿ 52ರಲ್ಲಿ 27 ಕಳೆದರೆ 35 ಎಂಬ ಉತ್ತರ ಒಂದರ ನಂತರ ಒಂದರಲ್ಲಿ ಇತ್ತು. ಸಾಮಾನ್ಯವಾಗಿ ನಾವು ಕೆಂಪು ಶಾಯಿಯಿಂದ ಅಡ್ಡಗೆರೆ ಎಳೆದು, ‘ಲಕ್ಷ್ಯವಿಟ್ಟು ಮಾಡು’ ಎಂದು ಬರೆದು ಮುಂದೆ ಹೋಗುತ್ತೇವೆ. ಆ ಶಿಕ್ಷಕಿ ಹಾಗೆ ಮಾಡಲಿಲ್ಲ. ಒಂದೊಂದು ಮಗುವನ್ನು ಹತ್ತಿರ ಕೂರಿಸಿಕೊಂಡು, ‘ಹೇಗೆ ಮಾಡಿದೆ, ಹೇಳು’ ಎಂದು ಕೇಳಿದರು. ಮಕ್ಕಳು ಲಕ್ಷ್ಯ ತಪ್ಪಿರಲಿಲ್ಲ. ಬಿಡಿ ಸ್ಥಾನದಲ್ಲಿ 2ರಲ್ಲಿ 7 ಹೋಗುವುದಿಲ್ಲವಾದ್ದರಿಂದ 7ರಲ್ಲಿ 2 ಕಳೆದು 5 ಎಂದೂ, ಹತ್ತರ ಸ್ಥಾನದಲ್ಲಿ 5ರಲ್ಲಿ 2 ಕಳೆದು 3 ಎಂದೂ ಬರೆದಿದ್ದರು. ದೊಡ್ಡದರಲ್ಲಿ ಚಿಕ್ಕದನ್ನು ಕಳೆಯಬೇಕು ಎಂದು ಎರಡನೆಯ ತರಗತಿಯಲ್ಲಿ ನಾವೇ ಹೇಳಿಕೊಟ್ಟ ಮಾತನ್ನು ಅವರು ನಿಷ್ಠೆಯಿಂದ ಪಾಲಿಸಿದ್ದರು.

ಮರುದಿನ ಶಿಕ್ಷಕಿ ತೊಗರಿ ಕಟ್ಟಿಗೆಯ ಬೆರಳುದ್ದದ ತುಂಡುಗಳನ್ನು ತರಿಸಿ, ಹತ್ತು ಹತ್ತನ್ನು ದಾರದಿಂದ ಸೂಡು ಕಟ್ಟಿಸಿದರು. ಐದು ಸೂಡು, ಎರಡು ಬಿಡಿ ಕಡ್ಡಿ ನೆಲದ ಮೇಲೆ ಇಟ್ಟು, ‘ನನಗೆ ಇಪ್ಪತ್ತೇಳು ಕೊಡು’ ಎಂದರು. ಎರಡು ಸೂಡು ಕೊಟ್ಟ ಹುಡುಗ ಏಳು ಕಡ್ಡಿಗಾಗಿ ತಡಕಾಡಿ, ಕೊನೆಗೆ ತಾನೇ ಒಂದು ಸೂಡಿನ ದಾರ ಬಿಚ್ಚಿದ. ಈಗ ಅವನ ಬಳಿ ಹನ್ನೆರಡು ಬಿಡಿ ಕಡ್ಡಿಗಳಿದ್ದವು. ಏಳು ಕೊಟ್ಟ ಮೇಲೆ ಉಳಿದದ್ದನ್ನು ಎಣಿಸಿ ‘ಇಪ್ಪತ್ತೈದು’ ಎಂದವನು ತನ್ನ ನೋಟ್‌ಬುಕ್ಕನ್ನು ತೆಗೆದು ನೋಡಿದ, ಯಾರೂ ಹೇಳದೆಯೇ. ಕೆಲವು ದಿನಗಳ ನಂತರ ಶಿಕ್ಷಕಿ ಬೇರೆ ಲೆಕ್ಕಗಳನ್ನು ಕೊಟ್ಟು ಮತ್ತೆ ಪರೀಕ್ಷಿಸಿದಾಗ ಹೆಚ್ಚಿನ ಮಕ್ಕಳು ದಾಟಿದ್ದರು, ಆದರೆ 402ರಲ್ಲಿ 157 ಕಳೆಯುವಂಥ, ನಡುವೆ ಸೊನ್ನೆಯಿರುವ ಲೆಕ್ಕಗಳಲ್ಲಿ ಮತ್ತೆ ಎಡವಿದರು. ಶಿಕ್ಷಕಿ ಹತ್ತು ಸೂಡುಗಳನ್ನು ಸೇರಿಸಿ ನೂರರ ಹೊರೆ ಕಟ್ಟಿಸಿದರು.

ನಾವೀನ್ಯ, ನಿರಂತರ ಬದಲಾವಣೆ ಎಂದು ನಾನು ಕರೆಯುವುದು ಇದನ್ನೇ. ಇದಕ್ಕೆ ಸುತ್ತೋಲೆ ಬೇಕಾಗಲಿಲ್ಲ, ಅನುದಾನ ಬೇಕಾಗಲಿಲ್ಲ. ತಪ್ಪಿನ ಒಳಗೆ ಏನಿದೆ ಎಂದು ನೋಡುವ ಕುತೂಹಲ, ನೋಡಿದ ಮೇಲೆ ನಿನ್ನೆಯ ರೀತಿಯನ್ನು ಬಿಡುವ ಧೈರ್ಯ, ಬಿಟ್ಟ ಮೇಲೆ ಹೊಸದು ಫಲಿಸಿತೇ ಎಂದು ಮತ್ತೆ ಪರೀಕ್ಷಿಸುವ ಪ್ರಾಮಾಣಿಕತೆ ಬೇಕಾದವು. ‘ನಿರಂತರ’ ಎಂಬ ಮಾತಿಗೆ ನಾನು ಒತ್ತು ಕೊಡುವುದು ಆ 402ರ ಕಾರಣಕ್ಕಾಗಿ. ಒಂದು ಸಲ ಬದಲಿಸಿ ಅಲ್ಲಿಯೇ ನಿಂತಿದ್ದರೆ, ಹೊಸ ರೀತಿಯೂ ಮುಂದಿನ ಮಗುವಿಗೆ ಹಳೆಯ ಗೋಡೆಯೇ ಆಗುತ್ತಿತ್ತು. ಇಲಾಖೆಯ ಕಾರ್ಯಕ್ರಮಗಳನ್ನೂ ಇದೇ ಕಣ್ಣಿನಿಂದ ನೋಡಿರಿ: ಅದರಲ್ಲಿ ನಿಮ್ಮ ತರಗತಿಯ ತೊಡಕಿಗೆ ಉತ್ತರವಾಗುವ ಭಾಗ ಯಾವುದೋ ಅದನ್ನು ಜೀವವಿಟ್ಟು ಮಾಡಿರಿ. ಉಳಿದದ್ದು ಏಕೆ ಫಲಿಸಲಿಲ್ಲ ಎಂಬುದನ್ನು ಸಮಾಲೋಚನಾ ಸಭೆಯಲ್ಲಿ ಮಕ್ಕಳ ನೋಟ್‌ಬುಕ್ ಮುಂದಿಟ್ಟುಕೊಂಡು ಹೇಳಿರಿ. ಬರಿಯ ಗೊಣಗಾಟವನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಿರಬಹುದು, ನೋಟ್‌ಬುಕ್ಕನ್ನು ತೆಗೆದುಕೊಳ್ಳಲೇಬೇಕಾಗುತ್ತದೆ.

ಪ್ರಶ್ನೆ: ನಾನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸದಸ್ಯ. ನಮ್ಮೂರಲ್ಲಿ ಹತ್ತಿ ಬಿಡಿಸುವ ಹಂಗಾಮು ಬಂದರೆ ಶಾಲೆ ಅರ್ಧ ಖಾಲಿ. ಕೆಲವು ಕುಟುಂಬಗಳು ದೀಪಾವಳಿ ಮುಗಿಸಿ ಬೆಂಗಳೂರು, ಪುಣೆ ಕಡೆ ಗುಳೆ ಹೋಗುತ್ತವೆ. ಮರಳಿ ಬಂದ ಮಕ್ಕಳು ತರಗತಿಯಲ್ಲಿ ಸುಮ್ಮನೆ ಕೂರುತ್ತಾರೆ. ಮಕ್ಕಳೇ ಬಾರದಿದ್ದಾಗ ಶಾಲೆ ಬದಲಾಗಿ ಏನು ಪ್ರಯೋಜನ?
— ಒಬ್ಬ ಪಾಲಕರು, ಶಹಾಪುರ ತಾಲೂಕು

ಉತ್ತರ: ಮಕ್ಕಳು ಬಾರದಿರುವುದೇ ಶಾಲೆ ಬದಲಾಗಬೇಕು ಎನ್ನುವುದಕ್ಕೆ ಬಲವಾದ ಕಾರಣ. ಜೂನ್‌ನಿಂದ ಏಪ್ರಿಲ್‌ವರೆಗೆ ಒಂದು ದಿನವೂ ತಪ್ಪದೆ ಬರುವ ಮಗುವನ್ನು ಮನಸ್ಸಿನಲ್ಲಿಟ್ಟುಕೊಂಡು ಪಾಠಗಳ ಹಂಚಿಕೆ ಆಗಿರುತ್ತದೆ. ಅಕ್ಟೋಬರ್‌ನಲ್ಲಿ ಹೋಗಿ ಜನವರಿಯಲ್ಲಿ ಬಂದ ಮಗುವಿಗೆ ಆ ಹಂಚಿಕೆಯಲ್ಲಿ ಜಾಗವೇ ಇಲ್ಲ. ಪುಸ್ತಕ ಒಂಬತ್ತನೆಯ ಪಾಠದಲ್ಲಿರುತ್ತದೆ, ಮಗು ನಾಲ್ಕನೆಯದರಲ್ಲಿ ನಿಂತಿರುತ್ತದೆ. ಅದು ಸುಮ್ಮನೆ ಕೂರದೆ ಇನ್ನೇನು ಮಾಡೀತು?

ಈ ತೊಡಕಿಗೆ ಉತ್ತರ ನಮ್ಮ ಕೈಯಲ್ಲಿಯೇ ಇದೆ. ನಲಿ-ಕಲಿಯ ಮೂಲ ತಿರುಳೇ ಇದು. ಅಲ್ಲಿ ಪಾಠಗಳ ಬದಲು ಮೈಲಿಗಲ್ಲುಗಳಿವೆ, ಮೈಲಿಗಲ್ಲುಗಳನ್ನು ಜೋಡಿಸಿದ ಕಲಿಕಾ ಏಣಿಯಿದೆ. ಪ್ರತಿ ಮೆಟ್ಟಿಲಿಗೆ ಒಂದು ಚಿತ್ರದ ಗುರುತು, ಅದಕ್ಕೆ ತಕ್ಕ ಕಾರ್ಡು. ಬಿಟ್ಟು ಹೋದ ಮಗು ಮರಳಿ ಬಂದು ಏಣಿಯ ಮುಂದೆ ನಿಂತು ತನ್ನ ಮೆಟ್ಟಿಲನ್ನು ತಾನೇ ಗುರುತಿಸಿ, ತನ್ನ ಕಾರ್ಡನ್ನು ತೆಗೆದುಕೊಂಡು, ತನ್ನ ‘ತಟ್ಟೆ’ಯಲ್ಲಿ, ಅಂದರೆ ತನ್ನ ಗುಂಪಿನಲ್ಲಿ, ಹೋಗಿ ಕೂರಬಹುದು. ವಯಸ್ಸು ಬೇರೆಯಾದರೂ ಮೆಟ್ಟಿಲು ಒಂದೇ ಆದ ಮಕ್ಕಳು ಒಟ್ಟಿಗೆ ಕಲಿಯುತ್ತಾರೆ. 2009-10ರಿಂದ ಒಂದು ಮತ್ತು ಎರಡನೆಯ ತರಗತಿಗಳಿಗೆ, ಆಮೇಲೆ ಮೂರನೆಯದಕ್ಕೆ ಇದು ರಾಜ್ಯದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಬಂದಿದೆ. ನಾಲ್ಕನೆಯ ತರಗತಿಗೆ ಬಂದೊಡನೆ ಏಣಿ ಮುಗಿದು, ಎಲ್ಲರಿಗೂ ಒಂದೇ ಪಾಠ, ಒಂದೇ ವೇಗ ಶುರುವಾಗುತ್ತದೆ. ದುಡಿಯಲು ಹೋಗುವ ವಯಸ್ಸೂ ಅದೇ ಆಗಿರುವುದು ನಮ್ಮ ಜಿಲ್ಲೆಗಳ ದೌರ್ಭಾಗ್ಯ.

ನಿಮ್ಮ ಶಾಲೆಯ ಶಿಕ್ಷಕರು ನಾಲ್ಕು ಮತ್ತು ಐದನೆಯ ತರಗತಿಗಳಿಗೆ ಕನ್ನಡ ಓದು ಮತ್ತು ಗಣಿತ ಇವೆರಡಕ್ಕೆ ಮಾತ್ರ ಅಂಥ ಮೆಟ್ಟಿಲುಗಳನ್ನು ಸರಳವಾಗಿ ಮಾಡಿಕೊಳ್ಳಲು ಸಾಧ್ಯವಿದೆ. ಅಕ್ಷರ, ಪದ, ವಾಕ್ಯ, ಚಿಕ್ಕ ಕಥೆ ಹೀಗೆ ಮಗುವಿನ ಓದಿನ ಮಟ್ಟವನ್ನು ನೋಡಿ ಗುಂಪು ಮಾಡಿ ಕಲಿಸುವ ಪ್ರಯತ್ನ ‘ಓದು ಕರ್ನಾಟಕ’ ಎಂಬ ಹೆಸರಿನಲ್ಲಿ ನಮ್ಮ ರಾಜ್ಯದಲ್ಲಿಯೇ ನಡೆದಿದೆ. ಜನವರಿಯಲ್ಲಿ ಮರಳುವ ಮಕ್ಕಳಿಗಾಗಿ ಇದಕ್ಕೆ ದಿನಕ್ಕೆ ಒಂದು ಗಂಟೆಯನ್ನು ಶಾಲೆ ಮೊದಲೇ ಮೀಸಲಿಟ್ಟರೆ, ಮಗು ಬಂದ ದಿನದಿಂದಲೇ ಅದಕ್ಕೆ ಕೆಲಸವಿರುತ್ತದೆ.

ನಿಮ್ಮ ಸಮಿತಿಯ ಹೊಣೆಯೂ ಇದೆ, ಅದನ್ನು ಶಿಕ್ಷಕರ ಮೇಲೆ ಹೊರಿಸುವಂತಿಲ್ಲ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕೂಲಿಗೆ ಹಚ್ಚುವುದು 2016ರ ತಿದ್ದುಪಡಿಯ ನಂತರ ಎಲ್ಲ ಬಗೆಯ ಉದ್ಯೋಗಗಳಲ್ಲಿಯೂ ಅಪರಾಧ; ಸ್ವಂತ ಹೊಲದಲ್ಲಿ ನೆರವಾಗುವುದೂ ಶಾಲೆಯ ವೇಳೆಯ ಹೊರಗೆ ಮಾತ್ರ. ದೊಡ್ಡವರು ಗುಳೆ ಹೋಗುವಾಗ ಮಕ್ಕಳು ಊರಲ್ಲಿಯೇ ಉಳಿದು ಓದಲು ಸಮಗ್ರ ಶಿಕ್ಷಣ ಯೋಜನೆಯಡಿ ಋತುಮಾನದ ವಸತಿ ವ್ಯವಸ್ಥೆಗೆ ಅವಕಾಶವಿದೆ. ಹತ್ತಿ ಒಡೆದ ಮೇಲೆ ಅರ್ಜಿ ಬರೆದರೆ ಫಲವಿಲ್ಲ. ಕಳೆದ ವರ್ಷ ಯಾವ ಯಾವ ಮನೆಯವರು ಹೋಗಿದ್ದರು ಎಂಬುದು ನಿಮಗೆ ಗೊತ್ತೇ ಇದೆ. ಆ ಪಟ್ಟಿಯನ್ನು ಮುಂಗಾರು ಬಿತ್ತನೆಯ ವೇಳೆಗೆ ಸಿದ್ಧಪಡಿಸಿ, ಮುಖ್ಯ ಶಿಕ್ಷಕರ ಮೂಲಕ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೆ ಕಳುಹಿಸಿರಿ.

ಪ್ರಶ್ನೆ: ಮಗಳನ್ನು ಸೇರಿಸಲು ನೋಡಿದ ಖಾಸಗಿ ಶಾಲೆಯೊಂದರಲ್ಲಿ ಸ್ಮಾರ್ಟ್ ಬೋರ್ಡ್, ಟ್ಯಾಬ್, ರೊಬೊಟಿಕ್ಸ್ ಎಲ್ಲವೂ ಇವೆ, ಶುಲ್ಕವೂ ಅಷ್ಟೇ ಇದೆ. ಇದೇ ನಿಜವಾದ ನಾವೀನ್ಯವೇ?
— ಒಬ್ಬ ತಾಯಿ, ಬೀದರ

ಉತ್ತರ: ಉಪಕರಣ ಕೆಟ್ಟದ್ದಲ್ಲ. ಹೃದಯ ಹೇಗೆ ಬಡಿಯುತ್ತದೆ, ಗ್ರಹಣ ಹೇಗೆ ಆಗುತ್ತದೆ ಎಂಬುದನ್ನು ಚಲಿಸುವ ಚಿತ್ರದಲ್ಲಿ ತೋರಿಸಿದರೆ ಮಗುವಿಗೆ ಬೇಗ ತಿಳಿಯುತ್ತದೆ. ಆದರೆ ಕಪ್ಪು ಹಲಗೆಯ ಮೇಲಿನ ಉತ್ತರವನ್ನು ನಕಲು ಮಾಡುತ್ತಿದ್ದ ಮಗು ಈಗ ಹೊಳೆಯುವ ಹಲಗೆಯಿಂದ ನಕಲು ಮಾಡುತ್ತಿದ್ದರೆ ಕಲಿಕೆಯಲ್ಲಿ ಬದಲಾದದ್ದು ಏನೂ ಇಲ್ಲ. ಅನುಮತಿ ಕೇಳಿ ಅರ್ಧ ಗಂಟೆ ತರಗತಿಯಲ್ಲಿ ಕುಳಿತುಕೊಳ್ಳಿ. ಮಕ್ಕಳು ಪ್ರಶ್ನೆ ಕೇಳುತ್ತಾರೆಯೇ, ತಪ್ಪು ಉತ್ತರ ಹೇಳಿದ ಮಗುವಿಗೆ ಏನಾಗುತ್ತದೆ, ಗ್ರಂಥಾಲಯದ ಪುಸ್ತಕಗಳ ಅಂಚು ಸವೆದಿದೆಯೇ ಅಥವಾ ಕಪಾಟಿಗೆ ಬೀಗ ಇದೆಯೇ, ಇವನ್ನು ಗಮನಿಸಿ. ಕಳೆದ ವರ್ಷ ಕಲಿಸುವ ರೀತಿಯಲ್ಲಿ ಏನನ್ನು ಬದಲಿಸಿದಿರಿ, ಏಕೆ ಬದಲಿಸಿದಿರಿ ಎಂದು ಶಿಕ್ಷಕರನ್ನೇ ಕೇಳಿ. ಇದಕ್ಕೆ ನೇರವಾದ ಉತ್ತರ ಬಂದರೆ ಆ ಶಾಲೆ ಒಳ್ಳೆಯದೇ ಆಗಿರುತ್ತದೆ, ಟ್ಯಾಬ್ ಇರಲಿ ಬಿಡಲಿ.

ನಿಮ್ಮ ಊರಿನಲ್ಲಿಯೇ ಇದಕ್ಕೊಂದು ಹಿರಿಯ ಸಾಕ್ಷಿಯಿದೆ. ಇರಾನಿನ ಗೀಲಾನ್ ಪ್ರಾಂತದಿಂದ ಬಂದು ಬಹಮನಿ ರಾಜ್ಯದ ಪ್ರಧಾನಿಯಾದ ಮಹಮೂದ್ ಗವಾನ್ 1472ರಲ್ಲಿ ಕಟ್ಟಿಸಿದ ಮದರಸಾ ಮೂರು ಅಂತಸ್ತಿನ, ಬಣ್ಣದ ಹೆಂಚುಗಳ ಭವ್ಯ ಕಟ್ಟಡವಾಗಿತ್ತು. ಆದರೂ ಅದರ ಹೆಸರು ದೂರದ ನಾಡುಗಳವರೆಗೆ ಹೋದದ್ದು ಅಲ್ಲಿ ಕಲಿಸಲು ಬಂದ ವಿದ್ವಾಂಸರಿಂದ ಮತ್ತು ಸುಮಾರು 3,000 ಹಸ್ತಪ್ರತಿಗಳ ಗ್ರಂಥಾಲಯದಿಂದ. ಶಾಲೆಯ ಹಣ ಶಿಕ್ಷಕರ ಮೇಲೆ, ಪುಸ್ತಕಗಳ ಮೇಲೆ ಎಷ್ಟು ಖರ್ಚಾಗುತ್ತದೆ ಎಂದು ಕೇಳುವ ಹಕ್ಕು ಶುಲ್ಕ ಕೊಡುವ ನಿಮಗೆ ಖಂಡಿತವಾಗಿಯೂ ಇದೆ.

ಪ್ರಶ್ನೆ: ನಮ್ಮದು ತಾಂಡಾದ ಮಕ್ಕಳೇ ಹೆಚ್ಚಾಗಿರುವ ಶಾಲೆ. ಒಬ್ಬ ಶಿಕ್ಷಕರು ಲಂಬಾಣಿ ಮಾತಿನ ಮೂಲಕ ಕನ್ನಡ ಕಲಿಸಿ ಒಳ್ಳೆಯ ಫಲ ತಂದಿದ್ದರು. ಅವರಿಗೆ ವರ್ಗವಾಯಿತು, ಎಲ್ಲವೂ ನಿಂತಿತು. ಈಗ ಇರುವವರಲ್ಲಿ ಇಬ್ಬರು ಅತಿಥಿ ಶಿಕ್ಷಕರು. ಬದಲಾವಣೆಯನ್ನು ಉಳಿಸಿಕೊಳ್ಳುವುದು ಹೇಗೆ?
— ಒಬ್ಬ ಮುಖ್ಯ ಶಿಕ್ಷಕಿ, ಚಿಂಚೋಳಿ ತಾಲೂಕು

ಉತ್ತರ: ಈ ಪತ್ರವನ್ನು ಓದಿ ನನಗೆ ನಿಜಕ್ಕೂ ಸಂಕಟವಾಯಿತು, ಏಕೆಂದರೆ ನಮ್ಮ ಭಾಗದ ಎಷ್ಟೋ ಒಳ್ಳೆಯ ಪ್ರಯತ್ನಗಳು ಒಂದು ವರ್ಗಾವಣೆ ಆದೇಶದೊಂದಿಗೆ ಮುಗಿದುಹೋಗಿವೆ. ಆ ಶಿಕ್ಷಕರು ಮಾಡಿದ ಕೆಲಸ ಸಣ್ಣದಲ್ಲ. ಮನೆಯಲ್ಲಿ ತಾಯಿಯನ್ನು ‘ಯಾಡಿ’ ಎಂದು, ರೊಟ್ಟಿಯನ್ನು ‘ಬಾಟಿ’ ಎಂದು ಕರೆಯುವ ಮಗುವಿಗೆ ಶಾಲೆಯ ಮೊದಲ ದಿನವೇ ಎಲ್ಲವೂ ಅಪರಿಚಿತವಾಗಿ ಕೇಳಿಸುತ್ತದೆ. ಮೊದಲು ಅದರ ಮಾತಿನಲ್ಲಿ ಮಾತನಾಡಿಸಿ ಆಮೇಲೆ ಕನ್ನಡಕ್ಕೆ ಕರೆತರುವುದು ಆ ಮಗುವಿನ ಬಾಯಿ ತೆರೆಸುವ ದಾರಿ.

ಅಂಥ ಕೆಲಸ ಒಬ್ಬರ ತಲೆಯಲ್ಲಿ ಮಾತ್ರ ಉಳಿದಿದ್ದರಿಂದ ಅವರೊಂದಿಗೇ ಹೋಯಿತು. ನಲಿ-ಕಲಿಯ ಹುಟ್ಟನ್ನು ನೆನಪಿಸಿಕೊಳ್ಳಿ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಕೆಲವು ಶಿಕ್ಷಕರು ಆಂಧ್ರದ ರಿಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿ ಬಂದು, ಯುನಿಸೆಫ್ ನೆರವಿನಿಂದ ತಮ್ಮ ಮಕ್ಕಳಿಗೆ ತಕ್ಕ ಕಾರ್ಡುಗಳನ್ನು ತಾವೇ ಬರೆದರು. ಕಾರ್ಡಿನಲ್ಲಿ ಬರೆದಿಟ್ಟದ್ದರಿಂದಲೇ ಅದು ಆ ಶಿಕ್ಷಕರನ್ನು ಬಿಟ್ಟು ಬೇರೆಯವರ ಕೈಗೆ ಹೋಗಲು ಸಾಧ್ಯವಾಯಿತು. ರಾಜ್ಯಕ್ಕೆಲ್ಲ ಹರಡಿದ ಮೇಲೆ ಎಷ್ಟೋ ಶಾಲೆಗಳಲ್ಲಿ ಕಾರ್ಡುಗಳು ಬಳಕೆಯಾಗದೆ ಟ್ರೇಯಲ್ಲಿಯೇ ಉಳಿದದ್ದನ್ನೂ ನಾನು ಕಂಡಿದ್ದೇನೆ. ಬಳಸುವವರಿಗೆ ಅವನ್ನು ತಿದ್ದುವ ಅಧಿಕಾರವಿದೆ ಎಂದು ಯಾರೂ ಹೇಳಿರಲಿಲ್ಲ.

ವರ್ಗವಾಗಿ ಹೋದ ಶಿಕ್ಷಕರಿಗೆ ಈ ವಾರವೇ ಫೋನ್ ಮಾಡಿ. ಅವರು ಬಳಸಿದ ಲಂಬಾಣಿ ಪದಗಳು, ಹಾಡುಗಳು, ಯಾವುದರ ನಂತರ ಯಾವುದನ್ನು ಹೇಳಿಕೊಟ್ಟರು ಎಂಬ ಕ್ರಮ, ಎಲ್ಲಿ ಮಕ್ಕಳು ತಡವರಿಸಿದರು ಎಂಬ ವಿವರ, ಇಷ್ಟನ್ನು ಒಂದು ದೊಡ್ಡ ನೋಟ್‌ಬುಕ್ಕಿನಲ್ಲಿ ಬರೆಯಿರಿ. ನಿಮಗೆ ಲಂಬಾಣಿ ಬಾರದಿದ್ದರೆ ತಾಂಡಾದ ತಾಯಂದಿರನ್ನು ವಾರಕ್ಕೊಮ್ಮೆ ಶಾಲೆಗೆ ಕರೆಸಿ ಕಥೆ ಹೇಳಿಸಿರಿ, ಏಳನೆಯ ತರಗತಿಯ ಮಕ್ಕಳಿಂದ ಅದನ್ನು ಕನ್ನಡ ಲಿಪಿಯಲ್ಲಿ ಬರೆಸಿರಿ. ಚಿಕ್ಕ ಮಕ್ಕಳಿಗೆ ಓದುವ ಸಾಮಗ್ರಿಯೂ ಸಿದ್ಧವಾಗುತ್ತದೆ, ದೊಡ್ಡ ಮಕ್ಕಳ ಬರವಣಿಗೆಯೂ ಬೆಳೆಯುತ್ತದೆ. ಅತಿಥಿ ಶಿಕ್ಷಕರನ್ನು ತಾತ್ಕಾಲಿಕರೆಂದು ದೂರವಿಡಬೇಡಿ. ಅವರಲ್ಲಿ ಅನೇಕರು ಅದೇ ಸುತ್ತಿನ ಊರಿನವರು, ಮಕ್ಕಳ ಮನೆಗಳನ್ನು ಬಲ್ಲವರು. ಪ್ರತಿ ಶನಿವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಎಲ್ಲರೂ ಕುಳಿತು, ಆ ವಾರ ಏನನ್ನು ಮಾಡಿ ನೋಡಿದೆವು, ಯಾವ ಮಗುವಿಗೆ ಉಪಯೋಗವಾಯಿತು, ಯಾವುದನ್ನು ಬಿಡೋಣ ಎಂದು ಅದೇ ನೋಟ್‌ಬುಕ್ಕಿನಲ್ಲಿ ದಾಖಲಿಸಿರಿ. ಹೊಸದಾಗಿ ಬರುವವರು ಅದನ್ನು ಹಾಗೆಯೇ ಪಾಲಿಸಬೇಕೆಂದಿಲ್ಲ. ಮುಂದಿನ ಪುಟದಿಂದ ತಮ್ಮ ಪ್ರಯೋಗವನ್ನು ಬರೆಯಲಿ. ನಿಮಗೂ ಒಂದು ದಿನ ವರ್ಗವಾಗುತ್ತದೆ. ಹಾಜರಿ ಪುಸ್ತಕ, ದಾಸ್ತಾನು ವಹಿ, ಕೀಲಿಕೈಗಳನ್ನು ಒಪ್ಪಿಸುವ ಪ್ರಭಾರ ಪಟ್ಟಿಯಲ್ಲಿ ಈ ನೋಟ್‌ಬುಕ್ಕನ್ನೂ ಒಂದು ಬಾಬ್ತಾಗಿ ಈಗಲೇ ಸೇರಿಸಿಬಿಡಿ.